ಸಹಿ ಹಾಕುವ ಮುಂಚೆ

ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಪ್ರೀತಿಯ ಮಗಳಿಗೆ,

ಯೇಸುಸ್ವಾಮಿಯ ನಾಮದಲ್ಲಿ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಅಮ್ಮನ ಮಂಡಿನೋವು, ಮನೆ ಸಾಲ ಎಲ್ಲ ಗೊತ್ತಿರುವುದೇ, ಅದನ್ನು ಮತ್ತೆ ಎತ್ತುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕಿ ಕೆಲಸಕ್ಕೆ ಜರ್ಮನಿಗೆ ಹೋಗು ಅಂತಲೂ, ಬೇಡ ಅಂತಲೂ ನಾನು ಹೇಳುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ತಪ್ಪಾದದ್ದನ್ನು ಆರಿಸಿಕೊಂಡು, ಅಲ್ಲಿ ದೇವರು ನನ್ನ ಕೈ ಬಿಟ್ಟುಬಿಟ್ಟರೆ?" ಅಂತ. ಅದೊಂದನ್ನೇ ಎಷ್ಟು ಸಲ ಓದಿದೆನೋ. ಇಂಥದ್ದನ್ನು ನಿನ್ನ ತಲೆಗೆ ಯಾರು ತುಂಬಿದರು?

"ಬೈಬಲಿನ ಗಿದ್ಯೋನನ ಹಾಗೆ ನಾನೂ ದೇವರಿಂದ ಗುರುತು ಕೇಳುತ್ತಿದ್ದೇನೆ" ಅಂದಿದ್ದೀಯ. ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ಮೊದಲಿಂದ ಓದು. ಗುರುತಿಗಾಗಿ ನೆಲದ ಮೇಲೆ ಉಣ್ಣೆ ಹಾಸುವ ಮುಂಚೆಯೇ, ಜನರನ್ನು ಶತ್ರುಗಳಿಂದ ಬಿಡಿಸು ಅಂತ ಅವನಿಗೆ ದೇವರ ಅಪ್ಪಣೆ ಸಿಕ್ಕಿತ್ತು. ಏನು ಮಾಡಬೇಕು ಅಂತ ಗೊತ್ತಿಲ್ಲದೆ ಕೇಳಿದ್ದಲ್ಲ, ಧೈರ್ಯ ಸಾಲದೆ ಕೇಳಿದ್ದು. ಒಂದು ರಾತ್ರಿ ಉಣ್ಣೆ ಒದ್ದೆಯಾಗಿ ನೆಲ ಒಣಗಿರಬೇಕು, ಮಾರನೆಯ ರಾತ್ರಿ ಅದು ತಿರುಗಾಮುರುಗಾ ಆಗಬೇಕು. ಇಷ್ಟು ಕಾಟ ಕೊಟ್ಟವನನ್ನೂ ದೇವರು ಬಿಡಲಿಲ್ಲ. ಎಲ್ಲರೂ ಉಣ್ಣೆಯನ್ನೇ ಹಿಡಿದುಕೊಂಡು ಕೂರುತ್ತಾರೆ, ಈ ಮಾತನ್ನು ಯಾರೂ ಆಡುವುದಿಲ್ಲ.

ನಮ್ಮ ಮನೆಯದ್ದೇ ನೋಡು. ಇಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. 120 ವರ್ಷ ಊರಿಗೆ ಅನ್ನ ಹಾಕಿದ ಗಣಿ. ಬೆಂಗಳೂರಿಗೆ ಮನೆ ಬದಲಾಯಿಸುವುದಾ, ಇಲ್ಲೇ ಇರುವುದಾ ಅಂತ ನಿನ್ನ ದೊಡ್ಡಪ್ಪ ಉಪವಾಸವಿದ್ದು ಪ್ರಾರ್ಥನೆ ಮಾಡಿದರು. ಯಾವ ಸ್ವರವೂ ಕೇಳಲಿಲ್ಲ. ಕೊನೆಗೆ ಇಲ್ಲೇ ಉಳಿದೆವು, ಅವರು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿದರು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುವುದು. ಆ ಸುಸ್ತಾದರೂ ಹೇಗೋ ತಡೆಯಬಹುದಿತ್ತು. ರೈಲು ತಡವಾದರೆ, ಮಕ್ಕಳಿಗೆ ಜ್ವರ ಬಂದರೆ, "ನಾವು ದೇವರ ಚಿತ್ತ ತಪ್ಪಿದೆವು ಕಣೆ" ಅನ್ನುತ್ತಿದ್ದರಲ್ಲ, ಅದು ಜಾಸ್ತಿ ಕಷ್ಟ. ನಾನು ಊಟದ ಡಬ್ಬಿ ಕಟ್ಟುತ್ತಾ ಸುಮ್ನೆ ಇರುತ್ತಿದ್ದೆ. "ಆ ರೈಲಿನಲ್ಲೂ ದೇವರು ನಿಮ್ಮ ಜೊತೆ ಇಲ್ವಾ?" ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವರು ತೀರಿಹೋಗುವವರೆಗೂ ಆ ಲೆಕ್ಕ ಮುಗಿಯಲಿಲ್ಲ. ಅವರಿಗೆ ಹೇಳದೆ ಹೋದದ್ದನ್ನು ನಿನಗೆ ಹೇಳುತ್ತಿದ್ದೇನೆ ಅಂದುಕೋ.

ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲನಿಗೇನು, ಎಲ್ಲ ಮೊದಲೇ ಗೊತ್ತಿತ್ತಾ? ಅಪೊಸ್ತಲರ ಕೃತ್ಯಗಳು 16ರಲ್ಲಿ ನೋಡು. ಆಸ್ಯಕ್ಕೆ ಹೋಗಬೇಕೆಂದರೆ ತಡೆ. ಬಿಥೂನ್ಯಕ್ಕೆ ಹೊರಟರೆ ಅಲ್ಲೂ ತಡೆ. ಹೊರಟದ್ದು ತಪ್ಪು ಅಂತ ಯಾರೂ ಅವನನ್ನು ಬೈಯಲಿಲ್ಲ. ತ್ರೋವದಲ್ಲಿ ದರ್ಶನ ಕಂಡು ಮಕೆದೋನ್ಯಕ್ಕೆ ಹೋದ. ಅದು ದೇವರೇ ತೋರಿಸಿದ ದಾರಿ, ಅಲ್ವಾ? ಆದರೂ ಫಿಲಿಪ್ಪಿಯಲ್ಲಿ ಛಡಿಯೇಟು ತಿಂದು ಸೆರೆಮನೆ ಸೇರಿದ. ನಾಳೆ ನಿನಗೆ ಅಲ್ಲಿ ಕಷ್ಟ ಬಂದರೆ, ಅಥವಾ ಇಲ್ಲೇ ಉಳಿದು ಕಷ್ಟ ಬಂದರೆ, ತಪ್ಪಾಗಿ ಆರಿಸಿಕೊಂಡೆ ಅಂತ ಆ ಕಷ್ಟವನ್ನೇ ಸಾಕ್ಷಿಗೆ ಕರೆಯಬೇಡ.

ಬುದ್ಧಿವಾದ ಬೇಡ ಅಂದಿದ್ದೆ, ಆದರೂ ಬಾಯಿ ಸುಮ್ಮನಿರುವುದಿಲ್ಲ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವುದನ್ನು ಬಿಡು. ಒಂದು ಪುಸ್ತಕವನ್ನು ಸಾಲಾಗಿ ಓದು. ಫೋನಿನಲ್ಲಿ ಪ್ರವಾದನೆ ಹೇಳುವ ಆ ಅಣ್ಣನಿಗೆ ಮತ್ತೆ ಫೋನ್ ಮಾಡಬೇಡ, ನಿನಗೆ ಬೇಜಾರಾದರೂ ಪರವಾಗಿಲ್ಲ. ಜ್ಞಾನ ಕಡಿಮೆಯಿದ್ದವರು ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುತ್ತಾನೆ ಅಂತ ಯಾಕೋಬನ ಪತ್ರದಲ್ಲಿದೆ. ಹಂಗಿಸದೆ ಕೊಡುವವನು ಕಣೇ. ನೀನು ಬರೆದಿರುವ ದೇವರು ಬೇರೆ ಯಾರೋ ಇದ್ದ ಹಾಗಿದೆ.

ಆ ಒಪ್ಪಂದದ ಕಾಗದವನ್ನು ತಿಳಿದವರಿಗೆ ತೋರಿಸು. ಮಧ್ಯದಲ್ಲಿ ಬಿಟ್ಟು ಬಂದರೆ ಹಣ ವಾಪಸ್ ಕೊಡಬೇಕಾ ಅಂತ ನೋಡು. ಇದನ್ನು ನೋಡುವುದೂ ಪ್ರಾರ್ಥನೆಯೇ ಅಂತ ನನಗನಿಸುತ್ತದೆ, ಚರ್ಚಿನ ಅಯ್ಯನವರು ಒಪ್ಪುತ್ತಾರೋ ಇಲ್ಲವೋ. ಆಮೇಲೆ, ಅಮ್ಮನನ್ನು ನೇರವಾಗಿ ಕೇಳಿದೆಯಾ? ಅವಳ ಪರವಾಗಿ ನೀನೇ ಯೋಚಿಸಿ ನೀನೇ ಅತ್ತಿದ್ದೀಯ, ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ.

ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸು ಮಾಡುವಾಗ ಯಾವ ಗುರುತನ್ನೂ ಕೇಳದೆ ರಾತ್ರಿ ಡ್ಯೂಟಿ ಮುಗಿಸಿ ಬಂದು ಓದುತ್ತಿದ್ದೆ. ಆಗ ದೇವರು ನಿನ್ನ ಜೊತೆ ಇರಲಿಲ್ಲವಾ?

ಅಯ್ಯನವರ ಹತ್ತಿರವೂ ಒಮ್ಮೆ ಮಾತಾಡು. ಭಾನುವಾರ ಬೇಡ, ಅವತ್ತು ಅವರಿಗೆ ಪುರುಸೊತ್ತು ಇರುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ