ಕಲೆಗೆ ಸಾರ್ವಜನಿಕ ಅನುದಾನ: ಸದಸ್ಯರಲ್ಲಿ ವಿನಂತಿ

ಆತ್ಮೀಯ ಸದಸ್ಯರೇ,

ಮುಂಗಡಪತ್ರ ಮಂಡನೆಯಾದ ಮೇಲೆ ಕಲೆಗೆ ಹಣ ಸಾಲದೆಂದು ದೂರುವುದಕ್ಕಿಂತ, ಅದು ಸಿದ್ಧವಾಗುತ್ತಿರುವ ತಿಂಗಳುಗಳಲ್ಲೇ ನಿಮ್ಮ ಜನಪ್ರತಿನಿಧಿಗಳಿಗೆ ಪತ್ರ ಬರೆಯುವುದು ಹೆಚ್ಚು ಫಲಕಾರಿ. ಎಲ್ಲರೂ ಒಂದೇ ಒಕ್ಕಣೆಯನ್ನು ನಕಲು ಮಾಡಿ ಕಳುಹಿಸಿದರೆ ಅದಕ್ಕೆ ತೂಕವಿರುವುದಿಲ್ಲ. ಆದ್ದರಿಂದ ನೀವು ನೋಡಿದ ನಾಟಕ, ಮಕ್ಕಳು ಕಲಿತ ಸಂಗೀತ, ಬಾಗಿಲು ಮುಚ್ಚಿದ ರಂಗಮಂದಿರ, ಹೀಗೆ ಸ್ವಂತ ಅನುಭವವೊಂದನ್ನು ಬರೆದು, ಯಾವ ಬಾಬ್ತಿಗೆ ಅನುದಾನ ಬೇಕೆಂಬುದನ್ನು ಸ್ಪಷ್ಟವಾಗಿ ಕೇಳಿರಿ. ಹಣದ ಮುಗ್ಗಟ್ಟಿನಲ್ಲಿ ಕಲೆ ಕಾಯಲಿ ಎನ್ನುವವರಿಗೆ, ಯುದ್ಧದಿಂದ ಬಳಲಿದ್ದ ಬ್ರಿಟನ್ 1946ರಲ್ಲೇ ಕಲೆಗೆ ಸರ್ಕಾರಿ ಅನುದಾನ ಹಂಚುವ ಕಲಾ ಮಂಡಳಿಯನ್ನು (ಆರ್ಟ್ಸ್ ಕೌನ್ಸಿಲ್) ಸ್ಥಾಪಿಸಿದ್ದನ್ನು ನೆನಪಿಸಬಹುದು. ಅನುದಾನದ ಹಂಚಿಕೆಯು ಅಧಿಕಾರದಲ್ಲಿರುವವರ ಮರ್ಜಿಗೆ ಒಳಗಾಗದೆ, ಕಲಾವಿದರೂ ಇರುವ ಸ್ವತಂತ್ರ ಸಮಿತಿಯ ಮೂಲಕ ನಡೆಯಬೇಕೆಂದೂ ಒತ್ತಾಯಿಸಿರಿ; ನನ್ನ ದೃಷ್ಟಿಯಲ್ಲಿ ಮೊತ್ತಕ್ಕಿಂತಲೂ ಇದು ಮುಖ್ಯ. ಬಂದ ಉತ್ತರಗಳನ್ನು ದಯವಿಟ್ಟು ಈ ಗುಂಪಿನಲ್ಲಿ ಹಂಚಿಕೊಳ್ಳಿರಿ.