ಕುಕ್ಕರ್‌ಗೆ ಮುನ್ನೂರು ದಾಟಿದೆ

ಮಾನ್ಯರೆ,

ಪ್ರೆಶರ್ ಕುಕ್ಕರ್ ನಿನ್ನೆ ಮೊನ್ನೆಯದು ಎಂದುಕೊಂಡವರೇ ಹೆಚ್ಚು. ಅದರ ಮೂಲ 1679ರದು. ಫ್ರಾನ್ಸಿನ ವಿಜ್ಞಾನಿ ಡೆನಿಸ್ ಪಾಪಿನ್ ಲಂಡನ್ನಿನಲ್ಲಿ ದಪ್ಪ ಲೋಹದ ಪಾತ್ರೆಗೆ ಮುಚ್ಚಳ ಬಿಗಿದು ಹಬೆಯನ್ನು ಒಳಗೇ ಹಿಡಿದಿಟ್ಟ. ಒತ್ತಡ ಏರಿದಂತೆ ನೀರಿನ ಕುದಿಬಿಂದು 100 ಡಿಗ್ರಿ ದಾಟುತ್ತದೆ, ಬೇಯುವುದೂ ಬೇಗ. ಪಾತ್ರೆ ಸಿಡಿಯದಿರಲೆಂದು ತೂಕ ಕಟ್ಟಿದ ಸನ್ನೆಯ ಸುರಕ್ಷತಾ ಕವಾಟವನ್ನೂ ಜೋಡಿಸಿದ. ನಮ್ಮ ಕುಕ್ಕರಿನ ಮೇಲೆ ಕುಣಿಯುವ ವೆಯ್ಟ್ ಅದರದೇ ಮರಿಮಗ!

1682ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕೆಲವರು ಇದರಲ್ಲಿ ಬೆಂದ ಮೀನು, ಮಾಂಸ ಉಂಡದ್ದನ್ನು ಆ ಕಾಲದ ಇಂಗ್ಲಿಷ್ ಬರಹಗಾರ ಜಾನ್ ಎವೆಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಗಟ್ಟಿ ಮೂಳೆಯೂ ಚೀಸ್‌ನಷ್ಟು ಮೆತ್ತಗಾಗಿತ್ತಂತೆ. ಹಬೆಯಂತ್ರ ಎಂದೊಡನೆ ಜೇಮ್ಸ್ ವ್ಯಾಟ್ ಹೆಸರು ಹೇಳುವ ನಾವು ಅದೇ ಹಬೆಯನ್ನು ಪಾತ್ರೆಯಲ್ಲಿ ಹಿಡಿದಿಟ್ಟ ಪಾಪಿನ್‌ನನ್ನು ಮರೆತೇಬಿಟ್ಟಿದ್ದೇವೆ. ಶಾಲೆಯಲ್ಲಿ ಕುದಿಬಿಂದುವಿನ ಪಾಠವನ್ನು ಬೇಳೆ ಬೇಯುವ ಕುಕ್ಕರಿನಿಂದಲೇ ಶುರುಮಾಡಿದರೆ ಮಕ್ಕಳ ತಲೆಗೆ ಬೇಗ ಹತ್ತೀತು.

– ಓದುಗ, ಮೈಸೂರು