ಮದುವೆಯ ವ್ಯವಹಾರದಲ್ಲೂ ಪ್ರವಾದಿಯವರು ಮಾದರಿಯಾಗಲಿ

ಮಾನ್ಯ ಸಂಪಾದಕರೇ,

ಪ್ರವಾದಿ ಮುಹಮ್ಮದ್ (ಸ) ಅವರ ಜನ್ಮಮಾಸವಾದ ರಬೀವುಲ್ ಅವ್ವಲ್ ಬಂತೆಂದರೆ ಅವರ ಬದುಕನ್ನು ಕುರಿತ ಪ್ರವಚನಗಳು ಊರೂರಿನಲ್ಲೂ ನಡೆಯುತ್ತವೆ. ಅಲ್ಲಾಹನ ಸಂದೇಶವಾಹಕರಲ್ಲಿ ನಿಮಗೆ ಉತ್ತಮ ಮಾದರಿಯಿದೆ ಎಂದು ಸಾರುವ ಕುರ್‌ಆನ್‌ನ ಅಲ್ ಅಹ್‌ಝಾಬ್ ಅಧ್ಯಾಯದ 21ನೇ ವಚನ ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ವಚನ ಇರುವುದು ಕ್ರಿ.ಶ. 627ರ ಕಂದಕ ಯುದ್ಧದ ಪ್ರಸ್ತಾಪದ ನಡುವೆ. ಶತ್ರುಸೇನೆ ಮದೀನಾವನ್ನು ಮುತ್ತಲು ಬರುತ್ತಿದ್ದಾಗ ಪ್ರವಾದಿಯವರು ಅಪ್ಪಣೆ ಕೊಟ್ಟು ಬದಿಗೆ ನಿಲ್ಲಲಿಲ್ಲ. ಹಸಿವು ತಾಳಲು ಹೊಟ್ಟೆಗೆ ಕಲ್ಲು ಕಟ್ಟಿಕೊಂಡು, ಅನುಚರರ ಜೊತೆ ತಾವೂ ಕಂದಕ ಅಗೆದರು, ಮೈಯೆಲ್ಲ ಧೂಳಾಗುವಂತೆ ಮಣ್ಣು ಹೊತ್ತರು.

ಗಡ್ಡ, ಉಡುಪು, ಊಟದ ಶಿಸ್ತುಗಳಲ್ಲಿ ಪ್ರವಾದಿಯವರ ಸುನ್ನತನ್ನು, ಅಂದರೆ ಅವರ ನಡೆಯ ಮಾದರಿಯನ್ನು, ನಮ್ಮ ಸಮುದಾಯ ಶ್ರದ್ಧೆಯಿಂದ ಪಾಲಿಸುತ್ತದೆ, ಅದು ಗೌರವಿಸಬೇಕಾದ ಶ್ರದ್ಧೆಯೇ. ಆದರೆ ಕೈಯಿಂದ ಹಣ ಬಿಚ್ಚಬೇಕಾದ ಕಡೆ, ಅದರಲ್ಲೂ ಮದುವೆಯ ಮಾತುಕತೆಯಲ್ಲಿ, ಆ ಶ್ರದ್ಧೆ ಸಡಿಲವಾಗುವುದನ್ನು ಕಂಡು ನೋವಾಗುತ್ತದೆ. ವಿವಾಹವಾಗಲು ಬಯಸಿದ ಬಡ ಅನುಚರನೊಬ್ಬನಿಗೆ ಪ್ರವಾದಿಯವರು, ಮಹರ್ (ವರನು ವಧುವಿಗೆ ಕೊಡಬೇಕಾದ ವಿವಾಹಧನ) ಕೊಡಲು ಕಬ್ಬಿಣದ ಉಂಗುರವಾದರೂ ಸಿಗುವುದೇ ನೋಡು ಎಂದರು. ಅದೂ ಸಿಗದಿದ್ದಾಗ, ಅವನಿಗೆ ಕಂಠಪಾಠವಾಗಿದ್ದ ಕುರ್‌ಆನ್‌ ಅಧ್ಯಾಯಗಳ ಮೇಲೆಯೇ ವಿವಾಹ ಮಾಡಿಸಿದರು ಎಂದು ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಹೇಳುತ್ತದೆ. ಅಷ್ಟು ಬಡತನದಲ್ಲೂ ಕೊಡುವ ಹೊಣೆ ವರನ ಮೇಲೆಯೇ ಉಳಿಯಿತೇ ಹೊರತು ವಧುವಿನ ಮನೆಯವರ ಕಡೆಗೆ ತಿರುಗಲಿಲ್ಲ. ಇಂದು ನಿಕಾಹ್‌ನ ವೇದಿಕೆಯಲ್ಲಿ ಮಹರ್‌ನ ಮೊತ್ತವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಹಣ, ಚಿನ್ನ, ವಾಹನ ಹೆಣ್ಣಿನ ಮನೆಯಿಂದ ಸದ್ದಿಲ್ಲದೆ ಬಂದಿರುವ ಮದುವೆಗಳು ಕಡಿಮೆಯೇನಲ್ಲ. ಬೇಡಿದ್ದಲ್ಲ, ಅವರಾಗಿಯೇ ಕೊಟ್ಟದ್ದು ಎಂಬ ಸಮಾಧಾನ ಬೇರೆ.

ಆ ಕೊಡುಗೆಗಾಗಿ ಸಾಲ ಮಾಡುವ ತಂದೆಯ ಪಾಡನ್ನು ಇನ್ನೊಂದು ಹದೀಸ್‌ನ ಜೊತೆಗಿಟ್ಟು ನೋಡಬೇಕು. ಮೃತದೇಹವೊಂದನ್ನು ನಮಾಝಿಗೆ ತಂದಾಗ ಪ್ರವಾದಿಯವರು ಅವರಿಗೆ ಸಾಲವಿತ್ತೇ ಎಂದು ವಿಚಾರಿಸುತ್ತಿದ್ದರು. ತೀರಿಸಲು ಏನೂ ಉಳಿಸಿರದಿದ್ದರೆ, ನಿಮ್ಮ ಸಂಗಾತಿಯ ಜನಾಝಾ ನಮಾಝನ್ನು ನೀವೇ ನಿರ್ವಹಿಸಿ ಎನ್ನುತ್ತಿದ್ದರು. ಮುಂದೆ ಅನುಕೂಲವಾದ ಮೇಲೆ ಅಂಥವರ ಸಾಲದ ಹೊಣೆಯನ್ನು ತಾವೇ ಹೊತ್ತರು. ಸಾಲವನ್ನು ಅಷ್ಟು ಗಂಭೀರವಾಗಿ ಕಂಡವರ ಅನುಯಾಯಿಗಳು, ಮಗಳ ಮದುವೆಯ ನೆಪದಲ್ಲಿ ಒಬ್ಬ ತಂದೆಯನ್ನು ಸಾಲಕ್ಕೆ ತಳ್ಳುವುದು ಹೇಗೆ ಸಾಧ್ಯ?

1961ರ ವರದಕ್ಷಿಣೆ ನಿಷೇಧ ಕಾಯ್ದೆ ಮುಸ್ಲಿಮರಿಗೂ ಅನ್ವಯಿಸುತ್ತದೆ. ಮಹರ್ ಅನ್ನು ಮಾತ್ರ ಅದು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೂ ಕಾಯ್ದೆಗೆ ಮುಟ್ಟಲಾಗದ ಕಡೆ ಮಸೀದಿಯ ಸುತ್ತಲಿನ ಸಮುದಾಯವಾದ ಜಮಾಅತ್ ಮುಟ್ಟಬಲ್ಲದು. ನಿಕಾಹ್ ದಾಖಲಿಸುವ ಮೊದಲು ಎರಡೂ ಮನೆಯವರನ್ನು ಕೂರಿಸಿ, ಕೊಟ್ಟಿದ್ದೇನು, ಪಡೆದಿದ್ದೇನು ಎಂದು ನೇರವಾಗಿ ಕೇಳುವ ಪದ್ಧತಿಯನ್ನು ಮಸೀದಿ ಸಮಿತಿಗಳು ತರಬೇಕು. ಪಡೆದದ್ದನ್ನು ಹಿಂದಿರುಗಿಸುವವರೆಗೆ ನಿಕಾಹ್ ನೆರವೇರಿಸದಿರುವ ದಿಟ್ಟತನವನ್ನೂ ತೋರಬೇಕು. ಮದುವೆಗಳು ಹೆಚ್ಚಾಗಿ ನಡೆಯುವ ತಿಂಗಳುಗಳಲ್ಲಿ ಖತೀಬರು (ಮಸೀದಿಯ ಪ್ರವಚನಕಾರರು) ಶುಕ್ರವಾರದ ಪ್ರವಚನಕ್ಕೆ ಈ ಎರಡು ಹದೀಸ್‌ಗಳನ್ನೇ ಆರಿಸಿಕೊಳ್ಳಲಿ. ಮೀಲಾದ್ ದಿನ ಪ್ರವಾದಿಯವರ ಕುರಿತು ವಿಶೇಷ ಲೇಖನ ಪ್ರಕಟಿಸುವಾಗ ತಮ್ಮ ಪತ್ರಿಕೆಯೂ ಈ ವಿಷಯಕ್ಕೆ ಸ್ಥಳ ನೀಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಮಂಗಳೂರು